ಹಡಗಿನ ಪುಸ್ತಕ ಮುಗಿಸಿದವಳು

ಈ ಕಥೆಯಲ್ಲಿ ನಾನು ಒಳ್ಳೆಯವಳಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಹಗುರ. ಒಂದು ಪುಸ್ತಕದ ಕೊನೆಯ ಸಾಲನ್ನು ಯಾರು ಓದಬೇಕು ಎನ್ನುವ ವಿಷಯಕ್ಕೆ ನಾನು ಒಬ್ಬ ಹೆಣ್ಣುಮಗಳ ಮೇಲೆ ಎರಡು ತಿಂಗಳು ಹೊಟ್ಟೆಕಿಚ್ಚು ಪಟ್ಟೆ. ಅವಳು ನನಗೆ ಏನೂ ಮಾಡಿರಲಿಲ್ಲ. ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ತವರು ತಿ. ನರಸೀಪುರ ತಾಲ್ಲೂಕಿನ ಮೂಗೂರು. ಎಸ್ಸೆಸ್ಸೆಲ್ಸಿ ಪಾಸಾಗಿ ಸ್ವಲ್ಪ ದಿನಕ್ಕೆ ಮದುವೆಯಾಗಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ಆ ಊರಿನಲ್ಲಿ ಹೆಂಗಸರು ಕೂತು ಖಾದಿ ನೂಲುವ ಶೆಡ್ಡೊಂದಿತ್ತು. ಹನ್ನೆರಡು ಚರಕ, ಹನ್ನೆರಡು ಜನ. ಬೆಳಿಗ್ಗೆ ಒಂಬತ್ತಕ್ಕೆ ಹತ್ತಿಯ ಹಂಜಿ ಹಾಕಿಕೊಂಡು ಚಕ್ರ ತಿರುಗಿಸಲು ಕೂತರೆ ಸಂಜೆ ಐದಕ್ಕೆ ಏಳುವುದು. ಊಟ ಆದ ಮೇಲಿನ ಒಂದು ಗಂಟೆ ಎಲ್ಲರಿಗೂ ಕಷ್ಟ. ಮುದ್ದೆ ಹೊಟ್ಟೆಗೆ ಬಿದ್ದ ಮೇಲೆ ಕಣ್ಣು ಎಳೆಯುತ್ತಿತ್ತು, ಕೈ ಜಡವಾಗುತ್ತಿತ್ತು, ನೂಲಿನ ಎಳೆ ಪಟಪಟ ಕಡಿಯುತ್ತಿತ್ತು. ಕಡಿದದ್ದನ್ನು ಜೋಡಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಆ ಗಂಟೆಯಲ್ಲಿ ಯಾರಾದರೂ ಏನನ್ನಾದರೂ ಗಟ್ಟಿಯಾಗಿ ಓದಿದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ ಎಂದು ನಾನೇ ಶುರು ಮಾಡಿದೆ. ಮೊದಲು ವಾರಪತ್ರಿಕೆಯ ಧಾರಾವಾಹಿ ಓದಿದೆ. ಎಳೆ ಕಡಿಯುವುದು ನಿಜವಾಗಿಯೂ ಕಡಿಮೆಯಾಯಿತು. ಮೇಲ್ವಿಚಾರಕರು ನೋಡಿಯೂ ನೋಡದವರ ಹಾಗೆ ಇದ್ದುಬಿಟ್ಟರು.

ಓದುವಾಗ ನನ್ನ ಚರಕ ನಿಂತಿರುತ್ತಿತ್ತಲ್ಲ, ಅದಕ್ಕೆ ಉಳಿದವರು ಸರದಿಯ ಮೇಲೆ ದಿನಕ್ಕೊಬ್ಬರು ತಾವು ನೂತ ನೂಲಿನ ಒಂದು ಲಡಿಯನ್ನು ನನ್ನ ಬುಟ್ಟಿಗೆ ಹಾಕುತ್ತಿದ್ದರು. ಅದಕ್ಕೆ ಓದಿನ ಲಡಿ ಎಂದೇ ಹೆಸರು ಬಿತ್ತು. ಅದು ಬುಟ್ಟಿಗೆ ಬೀಳುವಾಗ ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತು ಎಂದರೆ, ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಮನೆಯಲ್ಲಿ ನಾನು ಸಾರಿಗೆ ಉಪ್ಪು ಹೆಚ್ಚು ಹಾಕುವ ಸೊಸೆ. ಶೆಡ್ಡಿನಲ್ಲಿ ಹನ್ನೊಂದು ಜನ ನನ್ನ ಬಾಯಿ ನೋಡಿಕೊಂಡು ಕೂತಿರುತ್ತಿದ್ದರು.

ನಂಜನಗೂಡಿನ ಲೈಬ್ರರಿಯಲ್ಲಿ ನನ್ನ ಹೆಸರಿನ ಕಾರ್ಡು ಇತ್ತು. ಒಂದು ಸಲ ಅಲ್ಲಿಂದ ಎಂಟುನೂರು ಪುಟದ ಕಾದಂಬರಿಯೊಂದನ್ನು ಹೊತ್ತು ತಂದೆ. ದೂರದ ಯಾವುದೋ ದೇಶದ, ಬಹಳ ಹಳೆಯ ಸಾಹಸದ ಕಥೆ, ಕನ್ನಡಕ್ಕೆ ತಂದದ್ದು. ಎಷ್ಟು ಕೈ ದಾಟಿತ್ತೋ, ಮೊದಲ ಹಾಳೆಗಳೇ ಇರಲಿಲ್ಲ. ಬರೆದವರು ಯಾರು, ಪುಸ್ತಕದ ಹೆಸರೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ಹಡಗಿನ ಪುಸ್ತಕ ಎನ್ನುತ್ತಿದ್ದೆವು. ಅಣ್ಣ ತಮ್ಮ ಇಬ್ಬರು ಬಡಗಿಗಳು. ತಾಯಿಯನ್ನು ಮನೆಯಲ್ಲಿ ಬಿಟ್ಟು ಹಡಗು ಹತ್ತುತ್ತಾರೆ, ಬಿರುಗಾಳಿಗೆ ಸಿಕ್ಕಿ ದಾರಿ ತಪ್ಪುತ್ತಾರೆ, ತಿರುಗಿ ಊರು ಸೇರಲು ಹನ್ನೆರಡು ವರ್ಷ ಹಿಡಿಯುತ್ತದೆ. ಅದರಲ್ಲಿದ್ದ ಹೆಸರುಗಳು ನನ್ನ ನಾಲಿಗೆಗೂ ತಿರುಗುತ್ತಿರಲಿಲ್ಲ, ಕೇಳುವವರ ತಲೆಗೂ ಹತ್ತುತ್ತಿರಲಿಲ್ಲ. ಹೆಸರು ಬಂದಲ್ಲೆಲ್ಲ ಅಣ್ಣ, ತಮ್ಮ, ಅವ್ವ, ಹಡಗಿನ ಯಜಮಾನ ಎಂದು ಓದಿದೆ. ಸಮುದ್ರ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ನರಸೀಪುರದಲ್ಲಿ ಹೊಳೆ ಕೂಡುವ ಜಾಗವನ್ನೇ ಸಾವಿರ ಪಟ್ಟು ಹಿಗ್ಗಿಸಿಕೊಳ್ಳಿ, ಆಚೆ ದಡ ಇಲ್ಲ ಅಂದುಕೊಳ್ಳಿ ಎಂದೆ. ಅಷ್ಟು ಸಾಕಾಯಿತು.

ಹದಿನೈದು ದಿನಕ್ಕೊಮ್ಮೆ ನಂಜನಗೂಡಿಗೆ ಹೋಗಿ ಹೊಸ ದಿನಾಂಕ ಹಾಕಿಸಿಕೊಂಡು ಬರುತ್ತಿದ್ದೆ. ಬೇರೆ ಯಾರೂ ಆ ಪುಸ್ತಕ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಅದು ತೊಡೆಯ ಮೇಲೆ ಇರುತ್ತಿತ್ತು, ಮುಂದಿನ ಹಾಳೆ ಇಣುಕಿ ನೋಡಲು ಯಾರ ಅಡ್ಡಿಯೂ ಇರಲಿಲ್ಲ. ಆದರೂ ನೋಡುತ್ತಿರಲಿಲ್ಲ. ಮುಂದೇನು ಎಂದು ಎಲ್ಲರ ಜೊತೆಗೇ ನನಗೂ ಗೊತ್ತಾಗಬೇಕು ಎಂಬ ಹಟ ಇತ್ತು. ಕೊನೆಯ ದಿನ ಹೇಗಿರಬೇಕು ಎಂದು ಮನಸ್ಸಿನಲ್ಲಿ ನೂರು ಸಲ ಆಡಿಕೊಂಡಿದ್ದೆ. ಕೊನೆಯ ಸಾಲು ಓದುತ್ತೇನೆ, ಒಂದು ಕ್ಷಣ ಸುಮ್ಮನಿರುತ್ತೇನೆ, ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಹನ್ನೊಂದು ಚರಕಗಳೂ ನಿಂತಿರುತ್ತವೆ. ಯಾವುದೋ ದೊಡ್ಡ ಹೊರೆಯನ್ನು ಎಲ್ಲರೂ ಸೇರಿ ಊರು ಮುಟ್ಟಿಸಿದ ಖುಷಿ ಅದು, ಅದನ್ನು ಇಳಿಸುವ ಕೈ ನನ್ನದಾಗಿರಬೇಕು. ಆಸೆ ಅಷ್ಟೇ ಇದ್ದದ್ದು.

ಮುನ್ನೂರನೇ ಪುಟದ ಆಸುಪಾಸಿನಲ್ಲಿ ತಮ್ಮ ಸತ್ತ. ಹಡಗಿನ ಕಂಬದ ತುದಿಗೆ ಹತ್ತಿದವನು ಗಾಳಿಗೆ ಕೈಜಾರಿ ಕೆಳಗೆ ಬಿದ್ದ. ಬಿದ್ದ ಎನ್ನುವವರೆಗೆ ಓದಿದ್ದೆ, ಸತ್ತ ಎನ್ನುವ ಮಾತು ಮುಂದಿನ ಸಾಲಿನಲ್ಲಿತ್ತು. ತಲೆ ಎತ್ತಿದರೆ ದೊಡ್ಡವ್ವನ ಚರಕ ನಿಂತಿತ್ತು. ದೊಡ್ಡವ್ವ ಎಂದರೆ ಶೆಡ್ಡಿಗೆಲ್ಲ ಹಿರಿಯಳು, ಎಲ್ಲರಿಗೂ ದೊಡ್ಡವ್ವ. ಅವಳ ಬೆನ್ನಿಗೆ ಹುಟ್ಟಿದ ತಮ್ಮ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಎಂದು ಹೋದವನು ಹದಿನೈದು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ, ಅವಳ ಮುಂದೆ ಯಾರೂ ಆಡದ ವಿಷಯ.

"ಬದುಕ್ತಾನೇನವ್ವ ಅವ್ನು?" ಎಂದಳು.

"ಊಂ ದೊಡ್ಡವ್ವ. ಕಾಲು ಮುರಿದದೆ ಅಷ್ಟೆ. ಪಕ್ಕದಲ್ಲಿ ಇನ್ನೊಂದು ಹಡಗು ಬತ್ತಿತ್ತು, ಅದ್ರಲ್ಲಿ ವೈದ್ಯರಿದ್ರು, ಅವ್ರು ಎತ್ಕೊಂಡೋದ್ರು."

ಬಾಯಿಗೆ ಬಂದದ್ದು ಅದು. ದೊಡ್ಡವ್ವನ ಕೈ ಮತ್ತೆ ಚಕ್ರಕ್ಕೆ ಹೋಯಿತು. ಆ ಗಳಿಗೆಯಲ್ಲಿ ನಾನು ಮಾಡಿದ್ದು ಸಣ್ಣ ಕೆಲಸ ಅನಿಸಿತ್ತು. ಆದರೆ ಬದುಕಿಸಿದ ಮೇಲೆ ಸಾಕಬೇಕಲ್ಲ. ವಾರಕ್ಕೊಮ್ಮೆಯಾದರೂ ದೊಡ್ಡವ್ವ ಕೇಳುತ್ತಿದ್ದಳು, "ಆ ತಮ್ಮನ ಸುದ್ದಿ ಏನಾರ ಬಂತಾ?" ಎಂದು. ಪುಟದಲ್ಲಿ ಅಣ್ಣ ಯಾವುದೋ ಬಂದರಿನಲ್ಲಿ ಒಬ್ಬನೇ ಕೂತು ಅಳುತ್ತಿದ್ದರೆ, ನಾನು ಅವನ ಕೈಗೆ ತಮ್ಮನ ಕಾಗದ ತಲುಪಿಸುತ್ತಿದ್ದೆ. ಕಾಲು ಇನ್ನೂ ನೋಯುತ್ತದೆ, ಕುಂಟುತ್ತೇನೆ, ಆದರೂ ಬರುತ್ತೇನೆ ಎಂದು ಎರಡು ಸಾಲು. ಆ ಎರಡು ಸಾಲಿಗೆ ಹಿಂದಿನ ದಿನವೇ ಮುದ್ದೆ ತಿರುವುತ್ತಾ ಕಷ್ಟಪಡುತ್ತಿದ್ದೆ. ಪುಸ್ತಕ ನನ್ನ ಕೈಯಲ್ಲೇ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅವಳು ಬಂದಳು. ನಮ್ಮ ಬೀದಿಗೆ ಹೊಸದಾಗಿ ಬಂದ ಸೊಸೆ. ನರಸೀಪುರ ಟೌನಿನವಳು. ಒಂದು ಚರಕ ಖಾಲಿಯಾಗಿದೆ ಬಾ ಎಂದು ಶೆಡ್ಡಿಗೆ ಕರೆದುಕೊಂಡು ಹೋದವಳೂ ನಾನೇ, ನಮ್ಮ ತಾಲ್ಲೂಕಿನವಳಲ್ಲವೇ ಎಂಬ ಮೋಹಕ್ಕೆ. ಒಂದು ತಿಂಗಳು ಬಾಯಿಬಿಡದೆ ಕೂತು ನೂತಳು, ನಾನು ಓದಿದ್ದನ್ನು ಕೇಳಿದಳು. ಆಮೇಲೆ ಒಂದು ದಿನ ಹತ್ತಿಯ ಧೂಳಿಗೋ ಥಂಡಿಗೋ ನನ್ನ ಗಂಟಲು ಕಟ್ಟಿತು. ನಾಲ್ಕು ಸಾಲು ಓದುವಷ್ಟರಲ್ಲಿ ಕೆಮ್ಮು. ಇವತ್ತು ನೀನು ಓದಮ್ಮ ಎಂದು ಪುಸ್ತಕ ಅವಳ ಕೈಗೆ ಕೊಟ್ಟೆ.

ಅವಳ ತಂದೆಯ ಮನೆ ಅಕ್ಕಿ ಗಿರಣಿಯ ಪಕ್ಕದಲ್ಲಂತೆ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಬೆಳೆದವಳಿಗೆ ನಮ್ಮ ಹನ್ನೊಂದು ಚರಕಗಳ ಸದ್ದು ಯಾವ ಲೆಕ್ಕ? ನಾನು ಕಿರುಚಿ ಓದುತ್ತಿದ್ದೆ, ಅವಳು ಕಿರುಚುತ್ತಿರಲಿಲ್ಲ. ಮೆಲ್ಲಗೆ ಹೇಳಿದ ಮಾತೂ ಶೆಡ್ಡಿನ ಆ ಮೂಲೆಗೆ ಮುಟ್ಟುತ್ತಿತ್ತು. ಯಜಮಾನ ಬೈದರೆ ಯಜಮಾನನೇ ಬೈದ ಹಾಗೆ ಇರುತ್ತಿತ್ತು. ಅಂಥ ಓದನ್ನು ನಾನು ಕೇಳಿರಲಿಲ್ಲ. ಚೆನ್ನಾಗಿದೆ ಎಂದು ನನ್ನ ಕಿವಿ ಒಪ್ಪಿದ ಕ್ಷಣಕ್ಕೇ ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತು.

ವಾರಕ್ಕೆ ಗಂಟಲು ಸರಿಹೋಯಿತು. ಊಟದ ಡಬ್ಬಿ ತೊಳೆದಿಟ್ಟು ಪುಸ್ತಕಕ್ಕೆ ಕೈ ಹಾಕಿದೆ.

"ಇವತ್ತೊಂದಿನ ಆ ಮಗೀನೆ ಓದ್ಲಿ ಬುಡವ್ವ," ಎಂದಳು ದೊಡ್ಡವ್ವ. "ನಿಂಗೂ ವಸಿ ಸುಧಾರ್ಸ್ಕಳಕ್ಕಾಯ್ತದೆ."

ಆ ಒಂದು ದಿನ ಮುಗಿಯಲೇ ಇಲ್ಲ. ಮಾರನೆಯ ದಿನ ಯಾರೂ ನನ್ನ ಕಡೆ ನೋಡಲೂ ಇಲ್ಲ. ಓದಿನ ಲಡಿ ಅವಳ ಬುಟ್ಟಿಗೆ ಬೀಳತೊಡಗಿತು. ಕೊನೆಗೆ ನನ್ನ ಸರದಿಯೂ ಬಂತು, ನಾನು ನೂತ ಲಡಿಯನ್ನು ನನ್ನ ಕೈಯಾರೆ ಅವಳ ಬುಟ್ಟಿಗೆ ಹಾಕಬೇಕಾಯಿತು. ಅವಳು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆ ವಿನಯಕ್ಕೆ ನನಗೆ ಇನ್ನಷ್ಟು ಉರಿಯಿತು.

ಅವಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಾಯಿತು. ಟೌನಿನವಳು, ಜಂಬ. ತಲೆಗೆ ಹೂವು ಹೆಚ್ಚು. ಒಂದು ಶನಿವಾರ ಕೇಳಿಕೊಂಡು ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋದಳು; ನನ್ನ ಕಾರ್ಡಿನ ಪುಸ್ತಕ, ಹಾಳೆ ಹರಿದರೆ ದಂಡ ಯಾರು ಕಟ್ಟುತ್ತಾರೆ ಎಂದು ಗಂಡನ ಹತ್ತಿರ ಗೊಣಗಿದೆ. ಅವರು "ಕೊಡ್ಬ್ಯಾಡ ಅನ್ಬೇಕಿತ್ತು" ಎಂದರು. ಕೊಡುವುದಿಲ್ಲ ಎಂದರೆ ಹೊಟ್ಟೆಕಿಚ್ಚು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತಲ್ಲ, ಅದು ಅವರಿಗೆ ಹೇಗೆ ತಿಳಿಯಬೇಕು?

ಇದೆಲ್ಲದರ ನಡುವೆ ತಮ್ಮನ ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ. ಮೊದಲ ದಿನ ಗಂಟಲಿಲ್ಲದೆ ಹೇಳಲಿಲ್ಲ. ಎರಡನೇ ದಿನ ನಾಚಿಕೆಗೆ ಹೇಳಲಿಲ್ಲ. ದೊಡ್ಡವ್ವ ಎಂದಿನಂತೆ "ತಮ್ಮನ ಸುದ್ದಿ?" ಎಂದಾಗ ಅವಳು "ಈ ಹಾಳೇಲಿ ಬಂದಿಲ್ಲ ದೊಡ್ಡವ್ವ, ಮುಂದೆ ಬತ್ತದೆ" ಎನ್ನುತ್ತಿದ್ದಳು. ಪಾಪ, ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡೆ. ಪಾಪ ಎಂದುಕೊಂಡದ್ದು ಬಾಯಿಮಾತಿಗೆ, ಒಳಗೆ ಖುಷಿಯಾಗಿತ್ತು.

ಮುಂದಿನ ಸಲ ನಂಜನಗೂಡಿಗೆ ಹೋದಾಗ ನನ್ನ ಹಟ ಮುರಿದುಕೊಂಡೆ. ವಾಪಸು ಬರುವ ಬಸ್ಸಿನಲ್ಲಿ ಸೀಟಿರಲಿಲ್ಲ. ಕಂಬಿಗೆ ಒರಗಿ ನಿಂತು ಪುಸ್ತಕದ ಕೊನೆಯ ಹತ್ತು ಪುಟ ತೆರೆದೆ. ಅಣ್ಣ ಊರಿಗೆ ಬಂದು ಮನೆಯ ಬಾಗಿಲು ತಟ್ಟುತ್ತಾನೆ. ತಾಯಿ ಬಾಗಿಲು ತೆಗೆಯುತ್ತಾಳೆ. ಮಗನ ಮುಖ ನೋಡುವುದಿಲ್ಲ, ಅವನ ಬೆನ್ನ ಹಿಂದಿನ ದಾರಿ ನೋಡಿ, ತಮ್ಮನೆಲ್ಲಿ ಎಂದು ಕೇಳುತ್ತಾಳೆ. ಅವನು ಮಾತಾಡದೆ ಸಂಚಿಯಿಂದ ತಮ್ಮನ ಉಳಿಯನ್ನು ತೆಗೆದು ತಾಯಿಯ ಮಡಿಲಿಗೆ ಹಾಕುತ್ತಾನೆ. ಆಮೇಲಿನ ಪುಟಗಳೆಲ್ಲ ಆ ಸಾವಿನ ಮಾತೇ. ನನಗೆ ಆ ಪುಸ್ತಕ ಮುಗಿದದ್ದು ಹೀಗೆ: ಬಸ್ಸಿನಲ್ಲಿ, ನಿಂತುಕೊಂಡು, ಕದ್ದು. ಖುಷಿ ಎಲ್ಲಿಂದ ಬರಬೇಕು? ಯಾರದೋ ಮನೆಯ ಊಟದ ಎಲೆಗೆ ಕೈ ಹಾಕಿ ತಿಂದ ಹಾಗಾಯಿತು.

ಆದರೆ ಇನ್ನೊಂದು ಯೋಚನೆಯೂ ಬಂತು, ಅದು ಬಂದಾಗ ಬಸ್ಸಿನಲ್ಲೇ ನಗು ಬಂತು. ಈ ಪುಟಕ್ಕೆ ಬಂದಾಗ ಅವಳು ಎಡವುತ್ತಾಳೆ. ಇವನು ಸತ್ತದ್ದು ಹೇಗೆ, ಮೊನ್ನೆವರೆಗೂ ಕಾಗದ ಬರೆಯುತ್ತಿದ್ದನಲ್ಲ ಎಂದು ಉಳಿದವರೆಲ್ಲ ಅವಳ ಮೇಲೆ ಬೀಳುತ್ತಾರೆ. ಅವಳು ತಡವರಿಸುತ್ತಾಳೆ. ಆಗ ನಾನು ಎದ್ದು, ಕೊಡಿಲ್ಲಿ ಎಂದು ಪುಸ್ತಕ ತೆಗೆದುಕೊಂಡು, ಎಲ್ಲ ಸರಿಮಾಡಿ, ಕೊನೆಯ ಸಾಲು ಓದುತ್ತೇನೆ. ದೊಡ್ಡವ್ವನ ನೆನಪು ಬರಲಿಲ್ಲವೇ ಎಂದು ಕೇಳಿದರೆ, ಬಂತು. ಬಂದದ್ದನ್ನು ಬದಿಗೆ ಸರಿಸಿದೆ. ಇನ್ನೂ ಹದಿನೈದು ದಿನ ಇತ್ತು, ಒಂದು ಮಾತು ಅವಳ ಕಿವಿಗೆ ಹಾಕಬಹುದಿತ್ತು. ದಿನಾ ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದೆವು. ಮಳೆ ಬಿಸಿಲು, ಸೊಪ್ಪು, ಅತ್ತೆಯರು, ಎಲ್ಲ ಮಾತಾಡಿದೆ. ಅದೊಂದನ್ನು ಬಿಟ್ಟು.

ಕೊನೆಯ ದಿನ ಎಂದು ಎಲ್ಲರಿಗೂ ಗೊತ್ತಿತ್ತು. ಒಬ್ಬಳು ರವೆ ಉಂಡೆ ಕಟ್ಟಿಕೊಂಡು ಬಂದಿದ್ದಳು. ಮೇಲ್ವಿಚಾರಕರೂ ರಿಜಿಸ್ಟರು ಹಿಡಿದುಕೊಂಡು ಬಾಗಿಲ ಹತ್ತಿರ ಕೂತರು. ಅವಳು ಓದತೊಡಗಿದಳು. ಅಣ್ಣ ಗುಡ್ಡ ಇಳಿದ, ಊರು ಕಂಡಿತು, ಬಾವಿ ಕಂಡಿತು, ಬಾಗಿಲು ತಟ್ಟಿದ. ನನ್ನ ಎಳೆ ಕಡಿಯಿತು, ಜೋಡಿಸಲಿಲ್ಲ.

"ತಾಯಿ ಮಗನ ಮುಖ ನೋಡಲಿಲ್ಲ. ಅವನ ಬೆನ್ನ ಹಿಂದಿನ ದಾರಿ ನೋಡಿದಳು. 'ತಮ್ಮನೆಲ್ಲಿ?' ಎಂದು ಕೇಳಿದಳು."

ಇಲ್ಲಿ ನಿಂತಳು. ಒಂದು ಉಸಿರಿನಷ್ಟು ಹೊತ್ತು. ನಾನು ಚರಕದಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡೆ, ಏಳಲು.

"'ಹಿಂದೆ ಬರುತ್ತಿದ್ದಾನೆ ಅವ್ವ,' ಎಂದ ಅಣ್ಣ. 'ಗಾಡಿಯಿಂದ ಸಾಮಾನು ಇಳಿಸುತ್ತಿದ್ದಾನೆ. ಕಾಲು ಕುಂಟಲ್ಲವೇ, ನಿಧಾನ. ನೀನು ಅಷ್ಟರಲ್ಲಿ ಇನ್ನೊಂದು ತಟ್ಟೆ ಇಡು.'"

ಅವಳ ಕಣ್ಣು ಪುಟದ ಮೇಲೇ ಇತ್ತು. ಸಾಲಿನಿಂದ ಸಾಲಿಗೆ ಸರಿಯುತ್ತಲೂ ಇತ್ತು. ಸರಿಯಾದ ಹೊತ್ತಿಗೆ ಹಾಳೆ ತಿರುವಿದಳು. ಕುಂಟುತ್ತಾ ತಮ್ಮ ಬಂದ, ಹೊಸ್ತಿಲು ಎಡವಿದ, ತಾಯಿ ಅವನನ್ನು ತಬ್ಬಿಕೊಳ್ಳುವ ಮೊದಲು ಚೆನ್ನಾಗಿ ಬೈದಳು. ಕಾಗದ ಅಣ್ಣನಿಗೆ ಬರೆಯುತ್ತೀಯ, ಹೆತ್ತವಳಿಗೆ ಒಂದು ಸಾಲು ಬರೆಯಲು ನಿನ್ನ ಕೈಗೆ ಏನಾಗಿತ್ತು ಎಂದಳು. ಶೆಡ್ಡೆಲ್ಲ ನಕ್ಕಿತು, ನಗುತ್ತಲೇ ಅತ್ತಿತು. ನಾನು ಕಟ್ಟಿದ್ದ ಕಾಗದಗಳನ್ನು ಅವಳು ಒಂದೂ ಮರೆತಿರಲಿಲ್ಲ. ಆ ಪುಟಗಳಲ್ಲಿ ಏನಿತ್ತು ಎಂದು ಗೊತ್ತಿದ್ದವರು ಶೆಡ್ಡಿನಲ್ಲಿ ನಾವಿಬ್ಬರೇ. ಎರಡು ಸಾಲಿಗೆ ನಾನು ರಾತ್ರಿಯೆಲ್ಲ ಒದ್ದಾಡುತ್ತಿದ್ದವಳು. ಇವಳು ಪೂರಾ ಐದು ಪುಟವನ್ನು ನೀರು ಕುಡಿದ ಹಾಗೆ ಕಟ್ಟಿದಳು, ಅದೂ ಪುಸ್ತಕದ ಭಾಷೆಯಲ್ಲಿ.

ಮುಗಿಸಿ ಒಂದು ಕ್ಷಣ ಸುಮ್ಮನಿದ್ದಳು. ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡಳು. ಹನ್ನೊಂದು ಚರಕಗಳೂ ನಿಂತಿದ್ದವು.

"ಮುಗ್ದೋಯ್ತಾ?" ಎಂದಳು ಒಬ್ಬಳು, ನಿದ್ದೆಯಿಂದ ಎಚ್ಚೆತ್ತವಳ ಹಾಗೆ. ಐದು ತಿಂಗಳು ಹೊತ್ತ ಪುಸ್ತಕ. ಒಬ್ಬರ ಭುಜಕ್ಕೊಬ್ಬರು ಹೊಡೆದುಕೊಂಡು ನಕ್ಕರು, ಉಂಡೆ ಹಂಚಿದರು, ಬಿರುಗಾಳಿಯಿಂದ ಹಿಡಿದು ಎಲ್ಲವನ್ನೂ ತಿರುಗಿ ಮೊದಲಿಂದ ಹೇಳಿಕೊಂಡರು. ತಮ್ಮ ಮನೆಯವರೇ ಯಾರೋ ದೂರದಿಂದ ಬಂದಿಳಿದ ಸಡಗರ ಇತ್ತು. ದೊಡ್ಡವ್ವ ಎದ್ದು ಹೋಗಿ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಆ ಖುಷಿ ನನ್ನ ಸುತ್ತಲೇ ಇತ್ತು, ಎಲ್ಲರ ಮುಖದ ಮೇಲೂ ಇತ್ತು, ನನ್ನದಾಗಲಿಲ್ಲ. ಆ ಮನೆಯೊಳಗೆ ತಮ್ಮನನ್ನು ನಡೆಸಿಕೊಂಡು ಹೋದವಳು ಅವಳು. ನಾನು ಅವನನ್ನು ಬಾಗಿಲಲ್ಲೇ ಸಾಯಲು ಬಿಟ್ಟು ಕಾದಿದ್ದವಳು.

ಸಂಜೆ ನಲ್ಲಿಯ ಹತ್ತಿರ ಡಬ್ಬಿ ತೊಳೆಯುವಾಗ ಇಬ್ಬರೇ ಇದ್ದೆವು. ಕೇಳದೆ ಇರಲಾಗಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು?"

"ಆ ಶನಿವಾರ ಪುಸ್ತ್ಕ ಮನೇಗೆ ತಕ್ಕೊಂಡೋಗಿದ್ನಲ್ಲ ಅಕ್ಕ, ಆವಾಗ. ದೊಡ್ಡವ್ವ ಕೇಳ್ತಾನೇ ಇದ್ರು, ತಮ್ಮ ಎಲ್ಲೂ ಸಿಗ್ನಿಲ್ಲ. ಹಿಂದಕ್ಕೆ ತಿರುವ್ಕೊಂಡು ಹೋಗಿ ನೋಡ್ದೆ." ಡಬ್ಬಿಯ ಮುಚ್ಚಳ ಉಜ್ಜುತ್ತಲೇ ಹೇಳಿದಳು. "ನೀವೇ ಯೋಳ್ತೀರ ಅಂತ ಕಾಯ್ತಿದ್ದೆ ಅಕ್ಕ. ನೀವು ಹೆಂಗೆ ಮುಗಿಸ್ಬೇಕು ಅಂತಿದ್ರೋ ಹಂಗೆ ಮುಗಿಸಾನ ಅಂತ. ನಿನ್ನೆ ಸಾಯಂಕಾಲದವರ್ಗೂ ಕಾದೆ."

ನಿನ್ನೆ ಸಾಯಂಕಾಲ ನಾವು ಸೊಪ್ಪಿನ ಮಾತಾಡಿಕೊಂಡು ಮನೆಗೆ ನಡೆದಿದ್ದೆವು.

"ಯೋಳ್ಬೇಕು ಅಂತಲೇ ಇದ್ದೆ," ಎಂದೆ. "ಮರ್ತೋಯ್ತು."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು.

"ಅದ್ಕೇನಕ್ಕ, ಮರೀತದೆ," ಎಂದಳು.

ಪೂರ್ತಿ ನಂಬಿದವಳ ಹಾಗೇ ಎಂದಳು. ಎಷ್ಟು ಚೆನ್ನಾಗಿ ಎಂದರೆ, ಮರೆತೆ ಎಂದು ಸುಳ್ಳಾಡಿದ ನನಗೇ ಒಂದು ಗಳಿಗೆ ನಿಜ ಅನಿಸಿತು. ದೊಡ್ಡವ್ವನಿಗೆ ತಮ್ಮನನ್ನು ಉಳಿಸಿಕೊಟ್ಟ ಹಾಗೆ ನನ್ನ ಸುಳ್ಳನ್ನೂ ಅವಳು ಉಳಿಸಿಕೊಟ್ಟಳು. ಡಬ್ಬಿ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದ ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು.